ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ದೂರದ ವಿಮಾನ ಪ್ರಯಾಣ, ಇಳಿದ ಮೇಲೆ ಬಾಡಿಗೆ ಕಾರು

ಮೊದಲೇ ಹೇಳಿಬಿಡುತ್ತೇನೆ: ವಿಮಾನ ಇಳಿದ ದಿನ ಕಾರು ತೆಗೆದುಕೊಳ್ಳಬೇಡಿ. ಮಾರನೇ ದಿನ ಬೆಳಿಗ್ಗೆ ತೆಗೆದುಕೊಳ್ಳಿ. ಈ ಬರಹದಲ್ಲಿ ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ.

ಯಾಕೆ ಅಂದರೆ, ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀವು ಬಿಸಿಲಲ್ಲಿ ಹೊರಗೆ ಬರುತ್ತೀರಿ, ನಿಮ್ಮ ಮೈಗೆ ಮಾತ್ರ ಅದು ನಡುರಾತ್ರಿ ಎರಡೂವರೆ. ವಿಮಾನದಲ್ಲಿ ಸರಿಯಾಗಿ ನಿದ್ದೆ ಆಗಿರುವುದಿಲ್ಲ. ಅಂಥ ಹೊತ್ತಲ್ಲಿ ಎಂದೂ ಓಡಿಸದ ಕಾರು, ರಸ್ತೆಯ ಉಲ್ಟಾ ಬದಿ, ಗಂಟೆಗೆ 65 ಮೈಲಿ ಓಡುವ ಹೈವೇ. ಅಂದರೆ ಸುಮಾರು 105 ಕಿಲೋಮೀಟರ್ ವೇಗ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಾಡುವ ಸಾಹಸ ಅಲ್ಲ ಅದು. ಒಂದು ರಾತ್ರಿಯ ಹೋಟೆಲ್ ಖರ್ಚು ಆಗುತ್ತದೆ ನಿಜ, ಆದರೆ ಒಂದು ದಿನದ ಕಾರು ಬಾಡಿಗೆ ಉಳಿಯುತ್ತದೆ.

ಟಿಕೆಟ್ ತೆಗೆಯುವಾಗ

ಎಲ್ಲಿ ವಿಮಾನ ಬದಲಿಸುತ್ತೀರಿ ಅನ್ನುವುದರ ಮೇಲೆ ನಿಮ್ಮ ಸುಸ್ತು ನಿಂತಿದೆ. ದುಬೈ ಮೇಲೆ ಹೋದರೆ ಮೊದಲು ನಾಲ್ಕು ಗಂಟೆ, ಆಮೇಲೆ ಒಂದೇ ಸಮ ಹದಿನಾರು ಗಂಟೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಹತ್ತು, ಹನ್ನೊಂದು ಗಂಟೆಯ ಎರಡು ತುಂಡು. ಬೆನ್ನುನೋವು, ಮಂಡಿನೋವು ಇರುವವರಿಗೆ, ವಯಸ್ಸಾದ ಅಪ್ಪ ಅಮ್ಮನಿಗೆ ಎರಡನೆಯದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ನಡುವೆ ಕಾಲು ನೀಡಿ ಓಡಾಡಬಹುದು.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ದುಡ್ಡು ಉಳಿಯುತ್ತದೆ ಅಂತ ಬೇರೆ ಬೇರೆ ಟಿಕೆಟ್ ತೆಗೆದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆ ಹೊರುವುದಿಲ್ಲ. ನಡುವೆ ಎರಡೂವರೆಯಿಂದ ನಾಲ್ಕು ಗಂಟೆ ಇದ್ದರೆ ಆರಾಮ. ಸಸ್ಯಾಹಾರಿಗಳು ಊಟವನ್ನು ಮೊದಲೇ ಹೇಳಿಡಬೇಕು. ‘ಎವಿಎಂಎಲ್’ ಅಂತ ಆರಿಸಿದರೆ ನಮ್ಮ ಕಡೆಯ ರುಚಿಯ ಸಸ್ಯಾಹಾರ ಬರುತ್ತದೆ. ಬರೀ ‘ವೆಜಿಟೇರಿಯನ್’ ಅಂದರೆ ಬೇಯಿಸಿದ ಬ್ರಾಕೊಲಿ ಮುಂದೆ ಬಂದು ಕೂರಬಹುದು.

ಕಾರು ಬುಕ್ ಮಾಡುವಾಗ

ಟಿಕೆಟ್ ಆದ ಕೂಡಲೇ ಕಾರನ್ನೂ ಬುಕ್ ಮಾಡಿ, ಆದರೆ ಮೊದಲೇ ದುಡ್ಡು ಕಟ್ಟುವ ಬಗೆ ಬೇಡ. ‘ಪೇ ಲೇಟರ್’ ಬುಕಿಂಗ್ ಆದರೆ ದರ ಇಳಿದಾಗ ರದ್ದು ಮಾಡಿ ಮತ್ತೆ ಬುಕ್ ಮಾಡಬಹುದು. ಪರದೆಯ ಮೇಲೆ ದೊಡ್ಡದಾಗಿ ಕಾಣುವ ದಿನದ ಬಾಡಿಗೆಯನ್ನು ನಂಬಬೇಡಿ. ಏರ್‌ಪೋರ್ಟ್ ಶುಲ್ಕ, ತೆರಿಗೆ ಎಲ್ಲಾ ಸೇರಿ ಕೊನೆಯಲ್ಲಿ ಬರುವ ಒಟ್ಟು ಮೊತ್ತವನ್ನೇ ಹೋಲಿಸಿ ನೋಡಿ.

ವೆಬ್‌ಸೈಟಿನಲ್ಲಿ ‘ನೀವು ಯಾವ ದೇಶದಲ್ಲಿ ವಾಸ’ ಅಂತ ಕೇಳುತ್ತದೆ. ಅಲ್ಲಿ ಭಾರತ ಅಂತಲೇ ಕೊಡಿ. ಅಮೆರಿಕದವರಿಗೆ ತೋರಿಸುವ ದರದಲ್ಲಿ ವಿಮೆ ಸೇರಿರುವುದಿಲ್ಲ, ಅವರಿಗೆ ಸ್ವಂತ ಕಾರಿನ ವಿಮೆ ಇರುತ್ತದೆ. ಹೊರದೇಶದವರಿಗೆ ಕೊಡುವ ದರದಲ್ಲಿ ಎಷ್ಟೋ ಸಲ ವಿಮೆ ಸೇರಿರುತ್ತದೆ. ಬೇಕಾಗಿರುವುದು ಎರಡು. ಒಂದು ಎಲ್‌ಡಿಡಬ್ಲ್ಯೂ: ನೀವು ಓಡಿಸುವ ಕಾರಿಗೇ ಏಟು ಬಿದ್ದರೆ, ಕಳುವಾದರೆ ಕಾಪಾಡುವುದು. ಕೆಲವರು ಇದನ್ನೇ ಸಿಡಿಡಬ್ಲ್ಯೂ ಅನ್ನುತ್ತಾರೆ. ಇನ್ನೊಂದು ಎಸ್‌ಎಲ್‌ಐ: ನಿಮ್ಮಿಂದ ಬೇರೆಯವರಿಗೆ, ಬೇರೆಯವರ ಕಾರಿಗೆ ಆದ ನಷ್ಟಕ್ಕೆ.

ನಮ್ಮವರು ಮೊದಲನೆಯದಕ್ಕೆ ದುಡ್ಡು ಕೊಟ್ಟು ಎರಡನೆಯದನ್ನು ಬಿಡುತ್ತಾರೆ. ನಿಜವಾಗಿ ಹೆದರಬೇಕಾಗಿರುವುದು ಎರಡನೆಯದಕ್ಕೆ. ಕಾರಿನ ಬೆಲೆಗೆ ಒಂದು ಮಿತಿ ಇದೆ. ಇನ್ನೊಬ್ಬರ ಆಸ್ಪತ್ರೆ ಬಿಲ್ಲಿಗೆ ಅಮೆರಿಕದಲ್ಲಿ ಮಿತಿಯೇ ಇಲ್ಲ. ಕ್ಯಾಲಿಫೋರ್ನಿಯಾ ಕಾನೂನು ಕೇಳುವ ಕನಿಷ್ಠ ವಿಮೆ 2025ರ ಜನವರಿಯಿಂದ ಹೆಚ್ಚಾಗಿದೆ. ಗಾಯವಾದ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿಪಾಸ್ತಿಗೆ 15,000. ಅಲ್ಲಿನ ಖರ್ಚಿಗೆ ಇದು ಏನೇನೂ ಸಾಲದು. ನೀವು ಮನೆಯಿಂದ ಮಾಡಿಸಿಕೊಂಡು ಹೋಗುವ ಟ್ರಾವೆಲ್ ಇನ್ಶೂರೆನ್ಸ್ ಬಾಡಿಗೆ ಕಾರಿನ ಅಪಘಾತಕ್ಕೂ ಆಗುತ್ತದೆ ಅಂದುಕೊಳ್ಳಬೇಡಿ, ಅದು ಮುಖ್ಯವಾಗಿ ನಿಮ್ಮ ಆರೋಗ್ಯಕ್ಕೆ.

ಕಾರಿನ ಗಾತ್ರ ನೋಡುವಾಗ ಸೀಟು ಎಣಿಸಬೇಡಿ, ಸೂಟ್‌ಕೇಸ್ ಎಣಿಸಿ. ನಾಲ್ಕು ಜನ, ತಲಾ 23 ಕಿಲೋದ ಎರಡು ಪೆಟ್ಟಿಗೆ ಅಂದರೆ ಎಂಟು. ಮಿಡ್‌ಸೈಜ್ ಕಾರಿನ ಡಿಕ್ಕಿಯಲ್ಲಿ ಮೂರು ಹಿಡಿದರೆ ಪುಣ್ಯ. ಮಿನಿವ್ಯಾನ್ ಬೇಕಾಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಹಿಂದಕ್ಕೆ ಮುಖ ಮಾಡುವ ಸೀಟು ಬೇಕು. ಎಂಟು ವರ್ಷದೊಳಗಿನವರು ಹಿಂದಿನ ಸೀಟಿನಲ್ಲಿ, ಕಾರ್ ಸೀಟ್ ಅಥವಾ ಬೂಸ್ಟರ್ ಮೇಲೆ ಕೂರಬೇಕು. ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ಓಡಿಸುವವರಿಗೆ 25 ತುಂಬಿರದಿದ್ದರೆ ದಿನಕ್ಕಿಷ್ಟು ಅಂತ ಜಾಸ್ತಿ ತೆರಬೇಕು.

ಲೈಸೆನ್ಸ್, ಕಾರ್ಡ್

ಕರ್ನಾಟಕದ ಡಿಎಲ್ ಕಾರ್ಡಿನಲ್ಲಿ ವಿವರ ಇಂಗ್ಲಿಷಿನಲ್ಲೂ ಇರುತ್ತದೆ. ಹಾಗಾಗಿ ಪ್ರವಾಸಕ್ಕೆ ಹೋದವರು ಕ್ಯಾಲಿಫೋರ್ನಿಯಾದಲ್ಲಿ ಅದರಲ್ಲೇ ಓಡಿಸಬಹುದು. ಆದರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಕೆಲವು ಬಾಡಿಗೆ ಕಂಪನಿಗಳು ಕೇಳುತ್ತವೆ, ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿಯ ನಿಯಮ ಬೇರೆ ಇರಬಹುದು. ನಿಮ್ಮ ಡಿಎಲ್ ಯಾವ ಆರ್‌ಟಿಓದಲ್ಲಿದೆಯೋ ಅಲ್ಲಿಗೆ ಫಾರಂ 4ಎ, ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿ ಕೊಡಬೇಕು. ‘ಸಾರಥಿ’ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಒಂದು ವರ್ಷ ನಡೆಯುತ್ತದೆ. ಅದೊಂದನ್ನೇ ಹಿಡಿದುಕೊಂಡು ಹೋದರೆ ಆಗುವುದಿಲ್ಲ, ಮೂಲ ಡಿಎಲ್ ಕಾರ್ಡ್ ಜೊತೆಗಿರಲೇಬೇಕು. ಡಿಜಿಲಾಕರ್ ತೋರಿಸಿದರೆ ಕೌಂಟರಿನವರು ಮುಖ ಮುಖ ನೋಡುತ್ತಾರೆ ಅಷ್ಟೇ.

ಇನ್ನು ಕಾರ್ಡು. ಓಡಿಸುವವರ ಹೆಸರಿನಲ್ಲೇ ಇರುವ ನಿಜವಾದ ಕ್ರೆಡಿಟ್ ಕಾರ್ಡ್ ಬೇಕು. ಫೋರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್ ಡೆಪಾಸಿಟ್‌ಗೆ ಎಷ್ಟೋ ಕಡೆ ನಡೆಯುವುದಿಲ್ಲ. ಮಗನ ಕಾರ್ಡು, ಅಪ್ಪನ ಡ್ರೈವಿಂಗ್ ಅಂದರೂ ಆಗುವುದಿಲ್ಲ. ಹೊರಡುವ ಮೊದಲು ಬ್ಯಾಂಕ್ ಆ್ಯಪ್ ತೆರೆದು ‘ಇಂಟರ್‌ನ್ಯಾಷನಲ್’ ಬಳಕೆ ಆನ್ ಇದೆಯಾ, ಲಿಮಿಟ್ ಸಾಕಾ ನೋಡಿ. ಸುಮ್ನೆ ಬಿಟ್ಟರೆ ಅದು ಆಫ್ ಇರುವ ಸಂಭವವೇ ಜಾಸ್ತಿ. ಬಾಡಿಗೆಯ ಮೇಲೆ ಒಂದಷ್ಟು ಮೊತ್ತವನ್ನು ಡೆಪಾಸಿಟ್ ಅಂತ ತಡೆಹಿಡಿಯುತ್ತಾರೆ, ಕಾರು ವಾಪಸ್ ಕೊಟ್ಟ ಮೇಲೆ ಬಿಡುಗಡೆ ಆಗಲು ಕೆಲವು ದಿನ ಬೇಕು.

ಪೆಟ್ಟಿಗೆ ಕಟ್ಟುವಾಗ

ಇಲ್ಲಿ ನಮ್ಮ ಅಡುಗೆಮನೆಗೂ ಕಾನೂನಿಗೂ ಜಗಳ. ಮೊದಲನೆಯದು ಕೊಬ್ಬರಿ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ತಿಪಟೂರು ಕೊಬ್ಬರಿ ಗಿಟಕು ವಿಮಾನದ ಲೆಕ್ಕದಲ್ಲಿ ಅಪಾಯಕಾರಿ ಸರಕು. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಕೆಂಪೇಗೌಡ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೆ ಪೆಟ್ಟಿಗೆ ಬಿಚ್ಚಿಸಿ ತೆಗೆಸುತ್ತಾರೆ.

ಎರಡನೆಯದು ಕರಿಬೇವು. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಒಂದು ಹುಳು ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ. ಕಿತ್ತಳೆ ಬೆಳೆಯುವ ಕ್ಯಾಲಿಫೋರ್ನಿಯಾಕ್ಕೆ ಅದೆಂದರೆ ಭಯ. ಅಕ್ಕಿಯೂ ಬೇಡ, ಖಪ್ರಾ ಅನ್ನುವ ಕಾಳುಹುಳದ ಕಾರಣಕ್ಕೆ ಭಾರತದ ಅಕ್ಕಿಯನ್ನು ಪ್ರಯಾಣಿಕರ ಲಗೇಜಿನಲ್ಲಿ ಬಿಡುವುದಿಲ್ಲ. ಹಣ್ಣು, ಬೀಜ, ಮಾಂಸವೂ ಬೇಡ. ಸನಿವೇಲ್, ಫ್ರೀಮಾಂಟ್‌ನ ಇಂಡಿಯನ್ ಅಂಗಡಿಗಳಲ್ಲಿ ಸೋನಾ ಮಸೂರಿಯಿಂದ ಹಿಡಿದು ಎಂಟಿಆರ್ ಪುಡಿವರೆಗೆ ಸಿಗುತ್ತದೆ, ಹೊತ್ತುಕೊಂಡು ಹೋಗುವುದು ಯಾಕೆ? ಚಟ್ನಿಪುಡಿ, ಸಾಂಬಾರ್ ಪುಡಿಯನ್ನು ಚೆಕ್‌ಇನ್ ಪೆಟ್ಟಿಗೆಯಲ್ಲೇ ಇಡಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ತಕರಾರು. ಉಪ್ಪಿನಕಾಯಿ ದ್ರವದ ಲೆಕ್ಕ, 100 ಮಿಲಿ ದಾಟಿದರೆ ಕೈಚೀಲದಲ್ಲಿ ಬಿಡುವುದಿಲ್ಲ.

ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಉಲ್ಟಾ. ಅದು ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್ ಅವರ್, 100ರ ಮಿತಿಯೊಳಗೇ ಬರುತ್ತದೆ. ಆದರೆ ಈಗೀಗ ಹಲವು ವಿಮಾನಗಳಲ್ಲಿ ಅದರಿಂದ ಚಾರ್ಜ್ ಮಾಡಲು ಬಿಡುವುದಿಲ್ಲ. ಡಿಎಲ್, ಪರ್ಮಿಟ್, ಕಾರ್ಡ್, ಔಷಧಿ, ಡಾಕ್ಟರ ಚೀಟಿ, ಒಂದು ಜೊತೆ ಬಟ್ಟೆ ಇವೂ ಕೈಚೀಲಕ್ಕೇ. ಕಾರಿನಲ್ಲಿ ಫೋನ್ ಸಿಕ್ಕಿಸುವ ಹೋಲ್ಡರ್ ಒಂದನ್ನು ಮನೆಯಿಂದಲೇ ಒಯ್ಯಿರಿ.

ವಿಮಾನದಲ್ಲಿ

ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟೇ. ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಇಡೀ ದಿನ ಕೂತ ಹಾಗೆ, ಅದೂ ಒಂದು ತೊಟ್ಟು ತೇವ ಇಲ್ಲದ ಗಾಳಿಯಲ್ಲಿ. ತುಟಿ ಒಡೆಯುವುದು, ತಲೆ ಭಾರ ಆಗುವುದು ಅದಕ್ಕೇ. ಬಾಯಾರಿಕೆಗೆ ಕಾಯದೆ ನೀರು ಕುಡಿಯಿರಿ. ಬಿಟ್ಟಿ ಸಿಗುತ್ತದೆ ಅಂತ ಮದ್ಯಕ್ಕೆ ಕೈ ಹಾಕಿದರೆ ನಿದ್ದೆ ಬಂದಂತಾಗಿ ಅರ್ಧಕ್ಕೇ ಎಚ್ಚರ ಆಗುತ್ತದೆ. ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಬೇಕು, ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಅದಕ್ಕೇ ನನ್ನ ಮತ ಕಿಟಕಿ ಸೀಟಿಗಲ್ಲ, ನಡುದಾರಿಯ ಪಕ್ಕದ ಸೀಟಿಗೆ. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಬಸುರಿಯರು, ಈಚೆಗೆ ಆಪರೇಷನ್ ಆದವರು ಹೊರಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಎರಡನೇ ವಿಮಾನ ಹತ್ತಿದ ಕೂಡಲೇ ಗಡಿಯಾರವನ್ನು ಸ್ಯಾನ್ ಫ್ರಾನ್ಸಿಸ್ಕೋ ಸಮಯಕ್ಕೆ ತಿರುಗಿಸಿ. ಅಲ್ಲಿ ರಾತ್ರಿ ಇದ್ದಾಗ ಮಲಗಲು ನೋಡಿ. ಜಗಲಿ ಮಾತು, ಮೂರು ಸಿನಿಮಾ ಎಲ್ಲಾ ಆಮೇಲೆ.

ಇಳಿದ ದಿನ

ಇಮಿಗ್ರೇಷನ್ ಸಾಲು ಉದ್ದ ಇರಬಹುದು. ಬೆರಳಚ್ಚು, ಫೋಟೋ, ಎರಡು ಮೂರು ಪ್ರಶ್ನೆ: ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ, ಯಾವಾಗ ವಾಪಸ್. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಹೋಟೆಲ್ ವಿಳಾಸ, ವಾಪಸ್ ಟಿಕೆಟ್ ಕಾಗದದ ಮೇಲೆ ಇದ್ದರೆ ಫೋನ್ ಚಾರ್ಜ್ ಹೋಗಿದ್ದರೂ ಚಿಂತೆ ಇಲ್ಲ. ತಿನ್ನುವ ಸಾಮಾನು ಇದ್ದರೆ ‘ಇದೆ’ ಅಂದುಬಿಡಿ. ಹೇಳಿದರೆ ಹೆಚ್ಚೆಂದರೆ ತೆಗೆದು ಎಸೆಯುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳಬಹುದು. 10,000 ಡಾಲರ್‌ಗಿಂತ ಹೆಚ್ಚು ನಗದು ಇದ್ದರೂ ಬರೆದು ಕೊಡಲೇಬೇಕು.

ಹೊರಗೆ ಬಂದರೆ ಎರಡು ದಾರಿ. ಊರೊಳಗೆ ಉಳಿಯುವವರಿಗೆ ಬಾರ್ಟ್ ಅನ್ನುವ ರೈಲು ವಿಮಾನ ನಿಲ್ದಾಣದ ಒಳಗೇ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತುವಷ್ಟು ದಿನ ಕಾರಿನ ಅಗತ್ಯವೇ ಇಲ್ಲ, ಪಾರ್ಕಿಂಗ್ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಊರು ನೋಡಿ ಮುಗಿಸಿ, ಆಮೇಲೆ ಬಾರ್ಟ್‌ನಲ್ಲೇ ವಾಪಸ್ ಬಂದು ಕಾರು ತೆಗೆದುಕೊಳ್ಳಿ. ಇಲ್ಲದಿದ್ದರೆ ಪಕ್ಕದ ಮಿಲ್‌ಬ್ರೇ, ಬರ್ಲಿಂಗೇಮ್ ಕಡೆ ಹೋಟೆಲ್ ಹಿಡಿಯಿರಿ. ಬಿಟ್ಟಿ ಶಟಲ್ ಇದೆಯಾ ಅಂತ ಬುಕ್ ಮಾಡುವಾಗಲೇ ನೋಡಿ. ಸಂಜೆ ಬಿಸಿಲಲ್ಲಿ ಸ್ವಲ್ಪ ನಡೆದಾಡಿ, ರಾತ್ರಿ ಒಂಬತ್ತರ ತನಕ ಕಣ್ಣು ಬಿಟ್ಟುಕೊಂಡಿರಿ. ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತದೆ, ಆಗಲಿ.

ಹಠ ಹಿಡಿದು ಅವತ್ತೇ ಕಾರು ತೆಗೆದುಕೊಳ್ಳುವವರು ಬುಕಿಂಗ್‌ನಲ್ಲಿ ಫ್ಲೈಟ್ ನಂಬರ್ ಹಾಕಿ. ವಿಮಾನ ತಡ ಆದರೆ ಕಂಪನಿಯವರಿಗೆ ಗೊತ್ತಾಗುತ್ತದೆ. ಹೋಗುವ ಜಾಗ ಹತ್ತಿರ ಇರಲಿ, ಕತ್ತಲಾಗುವ ಮುಂಚೆ ಸೇರುವಂತಿರಲಿ.

ಕೌಂಟರ್ ಮುಂದೆ

ಬಾಡಿಗೆ ಕಾರುಗಳೆಲ್ಲ ಒಂದೇ ದೊಡ್ಡ ಕಟ್ಟಡದಲ್ಲಿವೆ, ಹೆಸರು ರೆಂಟಲ್ ಕಾರ್ ಸೆಂಟರ್. ಟರ್ಮಿನಲ್‌ನಿಂದ ಏರ್‌ಟ್ರೈನ್ ಅನ್ನುವ ಏರ್‌ಪೋರ್ಟ್ ಒಳಗಿನ ರೈಲು ಹತ್ತಬೇಕು, ಕೆಂಪು ಲೈನ್ ಅಲ್ಲ, ನೀಲಿ ಲೈನ್. ಟಿಕೆಟ್ ಬೇಕಿಲ್ಲ.

ಕೌಂಟರಿನವರು ನಗುನಗುತ್ತಾ ಮಾತಾಡಿಸುತ್ತಾರೆ. ‘ಇಷ್ಟೊಂದು ಲಗೇಜ್ ಇದೆ, ದೊಡ್ಡ ಕಾರು ಕೊಡಲಾ? ದಿನಕ್ಕೆ ಬರೀ ಹದಿನೈದು ಡಾಲರ್.’ ಹತ್ತು ದಿನಕ್ಕೆ ನೂರೈವತ್ತು, ಮೇಲೆ ತೆರಿಗೆ. ‘ರಸ್ತೆಯಲ್ಲಿ ಕೆಟ್ಟು ನಿಂತರೆ?’ ಅದಕ್ಕೊಂದು ಶುಲ್ಕ. ‘ಟೋಲ್?’ ಅದಕ್ಕೊಂದು. ‘ಪೆಟ್ರೋಲ್ ನಾವೇ ತುಂಬಿಸಿಕೊಳ್ಳಲಾ?’ ಬೇಡ. ‘ನನ್ನ ಬುಕಿಂಗ್‌ನಲ್ಲಿ ಏನಿದೆಯೋ ಅಷ್ಟೇ ಸಾಕು’ ಅನ್ನುವ ಒಂದೇ ವಾಕ್ಯ ಹಿಡಿದುಕೊಳ್ಳಿ. ಮನೆಯಿಂದ ತಂದ ಬುಕಿಂಗ್ ಪ್ರಿಂಟ್ ಮುಂದಿಡಿ, ಎಲ್‌ಡಿಡಬ್ಲ್ಯೂ, ಎಸ್‌ಎಲ್‌ಐ ಸೇರಿದೆ ಅನ್ನುವ ಸಾಲನ್ನು ಬೆರಳಿಟ್ಟು ತೋರಿಸಿ. ಸಹಿ ಹಾಕಬೇಕಾದ ಪರದೆಯಲ್ಲಿ ಒಟ್ಟು ಮೊತ್ತ ನಿಮ್ಮ ಪ್ರಿಂಟ್‌ಗೆ ತಾಳೆ ಆಗದಿದ್ದರೆ ಸಹಿ ಹಾಕಬೇಡಿ. ಹಿಂದೆ ಸಾಲು ನಿಂತಿದೆ ಅಂತ ಸಂಕೋಚ ಬೇಡ.

ಇನ್ನೊಬ್ಬರು ಓಡಿಸುವುದಾದರೆ ಅವರ ಹೆಸರೂ ಅಗ್ರಿಮೆಂಟಿನಲ್ಲಿ ಇರಬೇಕು. ಹೆಸರಿಲ್ಲದವರು ಓಡಿಸುವಾಗ ಗುದ್ದಿದರೆ ಕೊಂಡ ವಿಮೆಯೆಲ್ಲ ನೀರಿನಲ್ಲಿ ಹೋಮ. ಎಲೆಕ್ಟ್ರಿಕ್ ಕಾರು ಕೊಡಲು ಬಂದರೆ, ಚಾರ್ಜಿಂಗ್ ಅಭ್ಯಾಸ ಇಲ್ಲದವರು ಪೆಟ್ರೋಲ್ ಕಾರನ್ನೇ ಕೇಳಿ.

ಕಾರಿನ ಸುತ್ತ ಒಂದು ಪ್ರದಕ್ಷಿಣೆ

ಫೋನಿನಲ್ಲಿ ವಿಡಿಯೋ ಆನ್ ಮಾಡಿ ನಿಧಾನಕ್ಕೆ ಒಂದು ಸುತ್ತು ಬನ್ನಿ. ಬಂಪರ್ ಮೂಲೆ, ಚಕ್ರದ ರಿಮ್, ಮುಂದಿನ ಗಾಜು, ನಂಬರ್ ಪ್ಲೇಟ್. ಒಳಗೆ ಕೂತು ಪೆಟ್ರೋಲ್ ಮುಳ್ಳು, ಎಷ್ಟು ಮೈಲಿ ಓಡಿದೆ ಅನ್ನುವುದು. ಗೀರು ಕಂಡರೆ ಅಲ್ಲಿಯವರಿಗೆ ತೋರಿಸಿ ಬರೆಸಿ.

ಹೊರಡುವ ಮೊದಲು ನಿಂತಲ್ಲೇ ಹತ್ತು ನಿಮಿಷ ಕೂರಿ. ಕನ್ನಡಿ, ಸೀಟು ಸರಿಮಾಡಿಕೊಳ್ಳಿ. ನಮ್ಮ ಕಾರುಗಳಲ್ಲಿ ಇಂಡಿಕೇಟರ್ ಹೆಚ್ಚಾಗಿ ಬಲಗೈ ಕಡೆ, ಅಲ್ಲಿ ಎಡಗೈ ಕಡೆ. ಮೊದಲ ದಿನ ಪ್ರತಿ ತಿರುವಿನಲ್ಲೂ ವೈಪರ್ ಆಡುತ್ತದೆ, ಬೇಜಾರು ಬೇಡ. ಗೇರ್ ಆಟೋಮ್ಯಾಟಿಕ್. ಎಡಗಾಲನ್ನು ಪಕ್ಕಕ್ಕೆ ಇಟ್ಟು ಮರೆತುಬಿಡಿ. ಅದು ಕ್ಲಚ್ ಹುಡುಕಿಕೊಂಡು ಬ್ರೇಕ್ ಒತ್ತಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಮ್ಯಾಪ್ ಹಾಕಿ, ಆಫ್‌ಲೈನ್ ಪ್ರತಿಯನ್ನೂ ಇಳಿಸಿಕೊಂಡು ಹೊರಡಿ.

ರಸ್ತೆಗೆ ಇಳಿದ ಮೇಲೆ

ಒಂದೇ ಸೂತ್ರ: ಡ್ರೈವರ್ ಯಾವಾಗಲೂ ರಸ್ತೆಯ ನಡುಗೆರೆಯ ಪಕ್ಕ. ನೀವು ಕೂತಿರುವ ಬದಿ ಕಾಲುದಾರಿಗೆ ಹತ್ತಿರ ಬಂತು ಅಂದರೆ ರಾಂಗ್ ಸೈಡ್‌ನಲ್ಲಿದ್ದೀರಿ. ಬಲಕ್ಕೆ ಚಿಕ್ಕ ತಿರುವು, ಎಡಕ್ಕೆ ದೊಡ್ಡ ತಿರುವು. ತಪ್ಪುವುದು ಟ್ರಾಫಿಕ್ ಇರುವಾಗ ಅಲ್ಲ, ಆಗ ಮುಂದಿನ ಕಾರಿನ ಹಿಂದೆ ಹೋದರಾಯಿತು. ಬೆಳಿಗ್ಗೆ ಖಾಲಿ ಪಾರ್ಕಿಂಗ್‌ನಿಂದ ಖಾಲಿ ರಸ್ತೆಗೆ ಬರುವಾಗ ಕೈ ತಾನಾಗೇ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರಿಗೆ ಆ ಗಳಿಗೆಯಲ್ಲಿ ‘ಬಲಕ್ಕೆ’ ಅನ್ನುವ ಕೆಲಸ ಕೊಡಿ.

ದಕ್ಷಿಣಕ್ಕೆ, ಸನಿವೇಲ್, ಕೂಪರ್ಟಿನೋ ಕಡೆ ಹೋಗುವವರಿಗೆ 101ನೇ ನಂಬರಿನ ಹೈವೇ ಹತ್ತಿರ ಕಾಣುತ್ತದೆ. ನಾನಾದರೆ 380ನೇ ಹೈವೇ ಹಿಡಿದು 280ಕ್ಕೆ ಹೋಗಿ ಅನ್ನುತ್ತೇನೆ. ಗುಡ್ಡದ ಸಾಲಿನ ಪಕ್ಕ ಅಗಲವಾದ ರಸ್ತೆ, ನುಗ್ಗಾಟ ಕಡಿಮೆ. 101ರಲ್ಲಿ ಎಡತುದಿಯ ಎಕ್ಸ್‌ಪ್ರೆಸ್ ಲೇನ್ ಒಂದಿದೆ, ಫಾಸ್ಟ್ರ್ಯಾಕ್ ಅನ್ನುವ ಟೋಲ್ ಟ್ಯಾಗ್ ಇಲ್ಲದೆ ಅದಕ್ಕೆ ನುಗ್ಗಬೇಡಿ.

ಸ್ಟಾಪ್ ಫಲಕ ಕಂಡರೆ ಪೂರ್ತಿ ನಿಲ್ಲಬೇಕು, ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದು ನಿಂತವರು ಮೊದಲು. ಕೆಂಪು ದೀಪದಲ್ಲಿ ಪೂರ್ತಿ ನಿಂತು, ನೋಡಿಕೊಂಡು ಬಲಕ್ಕೆ ತಿರುಗಬಹುದು, ಬೇಡ ಅಂತ ಫಲಕ ಇಲ್ಲದಿದ್ದರೆ. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿಟುಕಿಸುತ್ತಿದ್ದರೆ ನಿಲ್ಲಿ. ಸಣ್ಣ ರಸ್ತೆಯಾದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಹಾರ್ನ್ ಮುಟ್ಟಬೇಡಿ, ಅಲ್ಲಿ ಅದು ಬೈಗುಳ. ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ. ಪೊಲೀಸ್ ಕಾರು ಹಿಂದೆ ದೀಪ ಹಾಕಿದರೆ ಬಲಕ್ಕೆ ನಿಲ್ಲಿಸಿ, ಒಳಗೇ ಕೂತಿರಿ, ಕೈ ಸ್ಟೀರಿಂಗ್ ಮೇಲೆ ಕಾಣುವಂತಿರಲಿ. ನಮ್ಮ ಹಾಗೆ ಇಳಿದು ಹೋಗಿ ‘ಸಾರ್’ ಅನ್ನಬಾರದು.

ಸ್ಯಾನ್ ಫ್ರಾನ್ಸಿಸ್ಕೋ ಊರೊಳಗೆ ನಿಲ್ಲಿಸಿದರೆ ಕಾರಿನಲ್ಲಿ ಏನೂ ಕಾಣುವಂತೆ ಬಿಡಬೇಡಿ. ಖಾಲಿ ಚೀಲಕ್ಕೂ ಗಾಜು ಒಡೆಯುತ್ತಾರೆ. ಇಳಿಜಾರಿನಲ್ಲಿ ಕಾರಿನ ಮುಖ ಕೆಳಗಡೆಗಿದ್ದರೆ ಮುಂಚಕ್ರವನ್ನು ಫುಟ್‌ಪಾತ್ ಅಂಚಿನ ಕಡೆ, ಮೇಲ್ಗಡೆಗಿದ್ದರೆ ರಸ್ತೆಯ ಕಡೆ ತಿರುಗಿಸಿ ನಿಲ್ಲಿಸುವುದು ಅಲ್ಲಿ ನಿಯಮ. ಅಂಚಿಗೆ ಕೆಂಪು ಬಣ್ಣ ಇದ್ದರೆ ನಿಲ್ಲಿಸಲೇಬಾರದು.

ಪೆಟ್ರೋಲ್, ಟೋಲ್

ಪೆಟ್ರೋಲನ್ನು ಅಲ್ಲಿ ಗ್ಯಾಸ್ ಅನ್ನುತ್ತಾರೆ, ನೀವೇ ತುಂಬಿಕೊಳ್ಳಬೇಕು. ಕಾರ್ಡ್ ತುರುಕಿದ ಕೂಡಲೇ ಪಂಪು ‘ಜಿಪ್ ಕೋಡ್’ ಕೇಳುತ್ತದೆ. ನಮ್ಮ ಆರಂಕಿಯ ಪಿನ್‌ಕೋಡ್ ಅದರಲ್ಲಿ ಹಿಡಿಸುವುದಿಲ್ಲ, ಕಾರ್ಡ್ ತಿರಸ್ಕಾರ ಆಗುತ್ತದೆ. ಗಾಬರಿ ಆಗಬೇಡಿ. ಪಂಪಿನ ನಂಬರ್ ನೋಡಿಕೊಂಡು ಒಳಗಿನ ಅಂಗಡಿಗೆ ಹೋಗಿ, ‘ನಾಲ್ಕನೇ ಪಂಪು, ನಲವತ್ತು ಡಾಲರ್’ ಅಂತ ಹೇಳಿ ಕಾರ್ಡ್ ಕೊಡಿ. ಟ್ಯಾಂಕ್ ಮೂವತ್ತೆರಡಕ್ಕೇ ತುಂಬಿದರೆ ಉಳಿದ ದುಡ್ಡು ಮರಳುತ್ತದೆ. 87 ಅಂತ ಬರೆದ ‘ರೆಗ್ಯುಲರ್’ ಸಾಕು. ಹಸಿರು ಹಿಡಿಕೆ ಹೆಚ್ಚಾಗಿ ಡೀಸೆಲ್, ಅದನ್ನು ಮುಟ್ಟಬೇಡಿ. ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್.

ಗೋಲ್ಡನ್ ಗೇಟ್ ಸೇತುವೆಯಲ್ಲಿ ಊರ ಕಡೆ ಬರುವಾಗ ಮಾತ್ರ ಟೋಲ್. 2013ರಿಂದ ಅಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ಬಾಡಿಗೆ ಕಂಪನಿಯ ಟೋಲ್ ಯೋಜನೆಯಲ್ಲಿ ಟೋಲ್ ಜೊತೆ ದಿನದ ಶುಲ್ಕವೂ ಸೇರುತ್ತದೆ. ಒಂದೇ ಸಲ ದಾಟುವವರು ಮೊದಲೇ, ಇಲ್ಲವೇ ದಾಟಿದ 48 ಗಂಟೆಯೊಳಗೆ ಫಾಸ್ಟ್ರ್ಯಾಕ್ ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಕೊಟ್ಟು ಕಟ್ಟಿದರೆ ಅಗ್ಗ.

ವಾಪಸ್ ಕೊಡುವಾಗ

ಏರ್‌ಪೋರ್ಟ್‌ಗೆ ಸ್ವಲ್ಪ ಮುಂಚೆ ಟ್ಯಾಂಕ್ ತುಂಬಿಸಿ ಬಿಲ್ಲು ಇಟ್ಟುಕೊಳ್ಳಿ. ಮ್ಯಾಪಿನಲ್ಲಿ ಟರ್ಮಿನಲ್ ಅಲ್ಲ, ರೆಂಟಲ್ ಕಾರ್ ಸೆಂಟರ್ ಹಾಕಿ. ವಿಮಾನಕ್ಕೆ ಮೂರು ಗಂಟೆ ಮುಂಚೆ ಟರ್ಮಿನಲ್‌ನಲ್ಲಿರಬೇಕು, ಕಾರು ಕೊಡಲು, ಏರ್‌ಟ್ರೈನ್‌ಗೆ ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿಕೊಳ್ಳಿ. ಬಾಡಿಗೆ ದಿನ ಅಂದರೆ 24 ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ತೆಗೆದುಕೊಂಡಿದ್ದರೆ ಒಂಬತ್ತಕ್ಕೇ ಕೊಡಬೇಕು, ಮಧ್ಯಾಹ್ನ ಕೊಟ್ಟರೆ ಇನ್ನೊಂದು ದಿನದ ಬಾಡಿಗೆ ಬೀಳಬಹುದು.

ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಚಾರ್ಜರ್ ಸಿಕ್ಕಿಸಿದಲ್ಲಿ ನೋಡಿ. ಫೋನನ್ನು ಕಾರಿನ ಬ್ಲೂಟೂತ್‌ಗೆ ಜೋಡಿಸಿದ್ದರೆ ಪರದೆಯಿಂದ ಅಳಿಸಿ, ಇಲ್ಲದಿದ್ದರೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಮುಂದಿನ ಗಿರಾಕಿಗೆ ಸಿಗುತ್ತದೆ. ಮತ್ತೊಂದು ಸುತ್ತು ವಿಡಿಯೋ ಮಾಡಿ, ಮುಳ್ಳು ಫುಲ್ ತೋರಿಸುವುದರ ಫೋಟೋ ತೆಗೆಯಿರಿ. ರಸೀದಿ ಇಮೇಲ್‌ಗೆ ಬಂದಿದೆಯಾ ಅಂತ ಅಲ್ಲೇ ನಿಂತು ನೋಡಿ. ಟೋಲ್, ಪಾರ್ಕಿಂಗ್ ದಂಡ ಇದ್ದರೆ ನೀವು ಊರು ಸೇರಿ ವಾರಗಳಾದ ಮೇಲೂ ಕಾರ್ಡಿಗೆ ಬರಬಹುದು. ಅಲ್ಲಿಯವರೆಗೂ ಅಗ್ರಿಮೆಂಟ್, ವಿಡಿಯೋ ಯಾವುದನ್ನೂ ಅಳಿಸಬೇಡಿ.